ಮೂವರಿಗೊಂದು ಲ್ಯಾಪ್‌ಟಾಪ್

ಸಾಲು ಬೆಂಚು, ಎದುರಿಗೆ ಕರಿಹಲಗೆ, ನಡುವೆ ಮೇಷ್ಟ್ರು. ನಮ್ಮಲ್ಲಿ ಹೆಚ್ಚಿನವರು ಓದಿದ್ದು ಹೀಗೆಯೇ. ಈ ಜೋಡಣೆಗೂ ಒಂದು ಇತಿಹಾಸವಿದೆ. ಅದರ ಒಂದು ಎಳೆ ಚೆನ್ನೈನಲ್ಲೇ ಸಿಗುತ್ತದೆ.

1789ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್, ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಮಕ್ಕಳ ಶಾಲೆಯ ಹೊಣೆ ಹೊತ್ತರು. ಸ್ಥಳೀಯ ಶಾಲೆಯ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದುವುದನ್ನು ಕಂಡು ಅದನ್ನು ತಮ್ಮಲ್ಲಿಗೂ ತಂದರು. ಕಲಿತ ಹುಡುಗರೇ ಉಳಿದವರಿಗೆ ಕಲಿಸುವಂತೆ ಮಾಡಿದರು. 1798ರಲ್ಲಿ ಲಂಡನ್ನಿನಲ್ಲಿ ಶಾಲೆ ತೆರೆದ ಜೋಸೆಫ್ ಲ್ಯಾಂಕಾಸ್ಟರ್ ಇಂಥದೇ ಪದ್ಧತಿಯನ್ನು ದೊಡ್ಡದಾಗಿ ಬೆಳೆಸಿದರು: ಒಂದೇ ಹಾಲ್, ಉದ್ದ ಬೆಂಚುಗಳು, ನೂರಾರು ಮಕ್ಕಳು, ಒಬ್ಬರೇ ಮೇಷ್ಟ್ರು. ಬಡವರ ಮಕ್ಕಳಿಗೆ ಕಡಿಮೆ ಖರ್ಚಿನಲ್ಲಿ ಅಕ್ಷರ ಸಿಕ್ಕಿತು, ಅದು ಸಣ್ಣ ಸಾಧನೆಯಲ್ಲ. ಆದರೆ ಆ ಕೋಣೆ ಇದ್ದದ್ದು ಹೇಳಿದ್ದನ್ನು ಒಪ್ಪಿಸಲು. ಮಗುವಿನ ಪ್ರಶ್ನೆಗೆ ಅಲ್ಲಿ ಜಾಗ ಕಡಿಮೆ.

ಇಂದು ಹೇಳುವ ಕೆಲಸವನ್ನು ಮೊಬೈಲೇ ಮಾಡುತ್ತದೆ. ಹಾಗಾದರೆ ಕೋಣೆ ಯಾತಕ್ಕೆ?

ಇದಕ್ಕೆ ಒಂದು ಉತ್ತರ ಇಂಟರ್ನೆಟ್‌ಗಿಂತ ಮೊದಲೇ ಬಂದಿತ್ತು. 1930ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಕೊಟ್ಟ ದೇಣಿಗೆಯಿಂದ ಅಮೆರಿಕದ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿಯಲ್ಲಿ ಮೊಟ್ಟೆಯಾಕಾರದ ಮೇಜುಗಳು ಬಂದವು. ಸುತ್ತ ಸುಮಾರು 12 ವಿದ್ಯಾರ್ಥಿಗಳು, ಅವರ ನಡುವೆಯೇ ಶಿಕ್ಷಕರು. ಹಿಂದಿನ ಬೆಂಚೇ ಇಲ್ಲದ ಮೇಲೆ ಅಡಗುವುದೆಲ್ಲಿ? ಆದರೆ ಹನ್ನೆರಡು ಮಕ್ಕಳಿಗೊಬ್ಬ ಶಿಕ್ಷಕರೆಂದರೆ ಶ್ರೀಮಂತ ಶಾಲೆಗೆ ಮಾತ್ರ ಸಾಧ್ಯ.

ದೊಡ್ಡ ತರಗತಿಗೆ ದಾರಿ ಹುಡುಕಿದವರಲ್ಲಿ ಎಂಐಟಿಯ ಭೌತಶಾಸ್ತ್ರ ಪ್ರಾಧ್ಯಾಪಕ ಜಾನ್ ಬೆಲ್ಚರ್ ಒಬ್ಬರು. ಅಲ್ಲಿ ಮೊದಲ ವರ್ಷದ ಉಪನ್ಯಾಸಗಳಿಗೆ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಅರ್ಧದಷ್ಟು ಜನರೂ ಬರುತ್ತಿರಲಿಲ್ಲ. 2000ದ ದಶಕದ ಆರಂಭದಲ್ಲಿ ಅವರ ತಂಡ ಹೊಸ ಕೋಣೆ ರೂಪಿಸಿತು: 13 ದುಂಡು ಮೇಜು, ಒಂದೊಂದಕ್ಕೆ ಒಂಬತ್ತು ಜನ, ಮೂವರಿಗೊಂದು ಲ್ಯಾಪ್‌ಟಾಪ್, ಗೋಡೆಯುದ್ದಕ್ಕೂ ಬರೆಯುವ ಹಲಗೆ. ವಿದ್ಯಾರ್ಥಿಗಳು ಮೊದಲು ಸಹಿ ಸಂಗ್ರಹಿಸಿ ವಿರೋಧಿಸಿದರು. ಆದರೂ ಹಾಜರಿ ಏರಿತು, ಫೇಲಾಗುವವರು ಕಡಿಮೆಯಾದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ‘ಮೂವರಿಗೊಂದು’. ತಲೆಗೊಂದು ಪರದೆ ಇದ್ದರೆ ಉತ್ತರ ಹುಡುಕಿ ಸುಮ್ಮನಾಗಬಹುದು. ಒಂದೇ ಇದ್ದರೆ, ಟೈಪ್ ಮಾಡುವ ಮೊದಲು ಪಕ್ಕದವರಿಗೆ ಹೇಳಬೇಕು, ‘ಅದು ಹೇಗೆ?’ ಎಂದರೆ ಸಮರ್ಥಿಸಿಕೊಳ್ಳಬೇಕು. ಆಫೀಸಿನಲ್ಲಿ ಇಬ್ಬರು ಒಂದೇ ಕಂಪ್ಯೂಟರಿನ ಮುಂದೆ ಕೂತು ಕೋಡ್ ಬರೆಯುವಾಗ ಆಗುವುದೂ ಇದೇ.

ನಮ್ಮ ನಗರಗಳಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುವವರು ಇದನ್ನು ಪ್ರಯತ್ನಿಸಬಹುದು. ಕುರ್ಚಿಗಳನ್ನು ದುಂಡಗೆ ತಿರುಗಿಸಲು ಖರ್ಚಿಲ್ಲ. ಮೂವರಿಗೊಂದು ಮೊಬೈಲ್ ಕೊಟ್ಟು, ಒಂದು ಗಾದೆಯ ಅರ್ಥ ಹುಡುಕಲು ಹೇಳಿ. ಅರ್ಥ ಕ್ಷಣದಲ್ಲಿ ಸಿಗುತ್ತದೆ. ಅದನ್ನು ಒಪ್ಪಬೇಕೇ ಎಂಬ ಜಗಳ ಶುರುವಾದರೆ, ತರಗತಿ ಶುರುವಾಯಿತು ಎಂದೇ ಲೆಕ್ಕ.