ಹೆಸರು ಹೇಳಿ ನಗುವುದು, ಹೇಳದೆ ನಗುವುದು

ತೆರಕಣಾಂಬಿ ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವೆ ಸಿಗುವ ಊರು. ಬಸ್ಸಿನಲ್ಲಿ ಹೋಗುವವರು ಹಳೆಯ ದೇವಸ್ಥಾನಗಳನ್ನೂ ಕೇರಳದ ಲಾರಿಗೆ ತರಕಾರಿ ಹೇರುವುದನ್ನೂ ನೋಡಿಕೊಂಡು ದಾಟಿಹೋಗುತ್ತಾರೆ. ನನ್ನ ಪಾಲಿಗೆ ತೆರಕಣಾಂಬಿ ಎಂದರೆ ದೊಡ್ಡಮ್ಮನ ಮನೆಯ ಜಗಲಿ. ಸಂಜೆಯಾದರೆ ಅಲ್ಲಿ ನಾಲ್ಕೈದು ಹೆಂಗಸರು ಸೇರುತ್ತಿದ್ದರು. ಅವರೆಕಾಯಿ ಬಿಡಿಸುತ್ತ ಊರಿನ ಮದುವೆ, ಸಾಲ, ಜಗಳಗಳನ್ನೆಲ್ಲ ಮಾತಾಡಿ ಮುಗಿಸುತ್ತಿದ್ದರು. ಒಂದು ಮಾತ್ರ ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಯಾರ ಹೆಸರೂ ಅಲ್ಲಿ ಬರುತ್ತಿರಲಿಲ್ಲ. 'ಆ ಮೇಲ್ಮನೆಯವಳು', 'ಕೆರೆ ಕಡೆಯೋನು', 'ಅದೇ ಕನ, ಆವತ್ತು ಬಂದಿದ್ನಲ್ಲ' ಎಂದರೆ ಸಾಕು, ಎಲ್ಲರಿಗೂ ಯಾರೆಂದು ತಿಳಿಯುತ್ತಿತ್ತು, ಎಲ್ಲರೂ ನಗುತ್ತಿದ್ದರು.

ಹೆಸರನ್ನು ಯಾಕೆ ನುಂಗಿಕೊಳ್ಳುತ್ತಿದ್ದರು ಎಂಬುದು ನನಗೆ ತಡವಾಗಿ ಗೊತ್ತಾಯಿತು. ದೊಡ್ಡಮ್ಮ ಹದಿನೇಳರ ಹುಡುಗಿಯಾಗಿದ್ದಾಗ ಹೊಲಿಗೆ ಕಲಿಯಲು ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗುತ್ತಿದ್ದಳಂತೆ. ಆ ವರ್ಷ ಪಕ್ಕದ ಊರಿನ ಹಬ್ಬದಲ್ಲಿ ಮೂಡಲಪಾಯ ಆಟವಾಯಿತು. ಮೂಡಲಪಾಯದಲ್ಲಿ ರಾಜರು, ರಾಕ್ಷಸರು ಕುಣಿಯುವ ನಡುವೆ ಜನರನ್ನು ಎಚ್ಚರವಾಗಿಡುವವನು ಹನುಮನಾಯಕ. ಅವನಿಗೆ ಬರೆದ ಮಾತು ಕಡಿಮೆ, ಬಾಯಿಗೆ ಬಂದ ಮಾತು ಹೆಚ್ಚು. ಆವತ್ತಿನ ಹನುಮನಾಯಕ ದೊಡ್ಡಮ್ಮನ ಹೆಸರು ಹಿಡಿದು, ಬಸ್ಸನ್ನೂ ಹೊಲಿಗೆಯನ್ನೂ ಸೇರಿಸಿ ಒಂದು ಮಾತು ಆಡಿದ. ಜನ ಬಿದ್ದು ಬಿದ್ದು ನಕ್ಕರು. ಮರುವಾರದಿಂದ ಹೊಲಿಗೆ ನಿಂತಿತು.

ಕನ್ನಡದ ಪ್ರದರ್ಶನ ಕಲೆಗಳಲ್ಲಿ ಹಾಸ್ಯ ಎಂಬುದು ನನ್ನ ಪಿಎಚ್.ಡಿ. ವಿಷಯ. ಹೋಲಿಕೆಗೆಂದು ಕೆಲವು ಬ್ರಿಟಿಷ್ ಟಿವಿ ಕಾರ್ಯಕ್ರಮಗಳನ್ನು ನೋಡುವಾಗ 'ಸೆಲೆಬ್ರಿಟಿ ಜ್ಯೂಸ್' ಸಿಕ್ಕಿತು. ಐಟಿವಿ-2 ವಾಹಿನಿಯಲ್ಲಿ 2008ರಿಂದ 2022ರವರೆಗೆ ಬಂದ ಕಾರ್ಯಕ್ರಮವಿದು. ಎರಡು ತಂಡ, ತಂಡಕ್ಕೊಬ್ಬ ನಾಯಕ, ನಡುವೆ ನಿರೂಪಕ. ವಾರದ ಗಾಳಿಸುದ್ದಿಗಳ ಮೇಲೆ ಪ್ರಶ್ನೆಗಳಿರುತ್ತವೆ, ಅಂಕಗಳಿಗೆ ಮಾತ್ರ ಬೆಲೆಯಿಲ್ಲ. ಯಾವ ನಟಿ ಯಾರ ಜೊತೆ ಓಡಾಡಿದಳು, ಯಾವ ಗಾಯಕ ಕುಡಿದು ಏನು ಮಾಡಿದ ಎಂಬುದೇ ಅಲ್ಲಿನ ಸರಕು. ನಿರೂಪಕ ಕೀತ್ ಲೆಮನ್ ಕೆದರಿದ ಹೊಂಬಣ್ಣದ ಕೂದಲಿನ, ನಾಲಿಗೆಗೆ ಹಿಡಿತವಿಲ್ಲದ ಮನುಷ್ಯ. ಆದರೆ ಅಂಥ ಮನುಷ್ಯನೇ ಇಲ್ಲ! ಅದು ಲೀ ಫ್ರಾನ್ಸಿಸ್ ಎಂಬ ನಟ ಹಾಕಿಕೊಂಡ ವೇಷ. ಎದುರಿಗೆ ಕೂತವರು ನಿಜವಾದವರು, ಅವರ ಹೆಸರೂ ನಿಜ. ಮಾತಾಡುವವನು ಮಾತ್ರ ಸುಳ್ಳು. ಏನೇ ಅಂದರೂ 'ಅಂದದ್ದು ನಾನಲ್ಲ, ಕೀತ್' ಎನ್ನಬಹುದು. ನಮ್ಮ ಹನುಮನಾಯಕನಿಗೆ ಇದ್ದ ಸೌಲಭ್ಯವೂ ಇದೇ. ಬಣ್ಣ ತೊಳೆದ ಮೇಲೆ ಅವನನ್ನು ಯಾರೂ ಕೇಳುವ ಹಾಗಿಲ್ಲ.

ಆದರೆ ಫ್ರಾನ್ಸಿಸ್ ಅವರನ್ನು ಕೇಳುವ ದಿನ ಬಂತು. ಈ ಕಾರ್ಯಕ್ರಮಕ್ಕೂ ಮೊದಲು, 2002ರಲ್ಲಿ ಶುರುವಾದ 'ಬೋ ಸೆಲೆಕ್ಟಾ' ಎಂಬ ಸರಣಿಯಲ್ಲಿ ಅವರು ರಬ್ಬರ್ ಮುಖವಾಡ ಹಾಕಿಕೊಂಡು ಪ್ರಸಿದ್ಧರನ್ನು ಅಣಕಿಸುತ್ತಿದ್ದರು. ಅವರಲ್ಲಿ ಗಾಯಕ ಕ್ರೇಗ್ ಡೇವಿಡ್ ಒಬ್ಬರು. ಆ ಅಣಕದಿಂದ ತಮಗಾದ ನೋವನ್ನು ಡೇವಿಡ್ ಮುಂದೆ ಹೇಳಿಕೊಂಡರು. 2020ರ ಜೂನ್‌ನಲ್ಲಿ ಫ್ರಾನ್ಸಿಸ್ ಕಪ್ಪು ಜನರ ಮುಖವಾಡ ಹಾಕಿದ್ದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದರು. ಈ ಸುದ್ದಿ ಓದುವಾಗ ನನಗೆ ನೆನಪಾದದ್ದು ಗುಂಡ್ಲುಪೇಟೆಯ ಬಸ್ಸು. ಡೇವಿಡ್‌ಗೆ ಉತ್ತರ ಕೊಡಲು ವೇದಿಕೆಯಾದರೂ ಇತ್ತು.

ಹೆಸರಿನ ಈ ಅಪಾಯ ಕನ್ನಡದ ಹಾಸ್ಯಕ್ಕೆ ಗೊತ್ತಿಲ್ಲದ್ದಲ್ಲ. 1942ರಲ್ಲಿ ವೈದ್ಯ ಎಂ. ಶಿವರಾಂ, ಅಂದರೆ ನಮ್ಮ 'ರಾಶಿ', ಶುರುಮಾಡಿದ ಹಾಸ್ಯ ಪತ್ರಿಕೆಗೆ 'ಕೊರವಂಜಿ' ಎಂದು ಹೆಸರಿಟ್ಟರು. ಮನೆಮನೆಗೆ ಹೋಗಿ ಕೈ ನೋಡಿ ಕಣಿ ಹೇಳುವವಳು ಕೊರವಂಜಿ. ಎಲ್ಲರ ಮನೆಯ ಗುಟ್ಟೂ ಗೊತ್ತಿರುವಂತೆ ಮಾತಾಡುತ್ತಾಳೆ, ಆದರೆ ಒಬ್ಬರ ಗುಟ್ಟನ್ನು ಇನ್ನೊಬ್ಬರ ಹೊಸಿಲಿಗೆ ಹಾಕುವುದಿಲ್ಲ. 1967ರವರೆಗೆ, ಇಪ್ಪತ್ತೈದು ವರ್ಷ, ಪತ್ರಿಕೆ ನಡೆಯಿತು. ಆರ್.ಕೆ. ಲಕ್ಷ್ಮಣ್ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದರು. ಹೆಸರು ಹೇಳದೆ ನಗಿಸುವ ಜಗಲಿಯ ಕ್ರಮ ಅಚ್ಚಿಗೆ ಬಂದದ್ದು ಹೀಗೆ ಎಂದು ನನ್ನ ಓದು.

ಹೆಸರು ಹಿಡಿದೇ ಹೊಡೆದವರೂ ನಮ್ಮಲ್ಲಿದ್ದಾರೆ. 1980ರಲ್ಲಿ ಬಂದ 'ಲಂಕೇಶ್ ಪತ್ರಿಕೆ'ಯಲ್ಲಿ ಮುಖ್ಯಮಂತ್ರಿ ಗುಂಡೂರಾವ್ 'ಗುಂ' ಆದರು. ಅರ್ಧ ಹೆಸರಿನಲ್ಲೇ ಅಧಿಕಾರದ ಗಾಳಿ ತೆಗೆಯುವ ವಿದ್ಯೆ ಅದು. ಅಲ್ಲಿ ಪೆಟ್ಟು ಬಿದ್ದದ್ದು ತಿರುಗಿ ಹೊಡೆಯಬಲ್ಲವರಿಗೆ. ಅಂಥವರು ತಿರುಗಿ ಹೊಡೆಯುವುದೂ ಉಂಟು. 2017ರ ಜೂನ್‌ನಲ್ಲಿ, ಶಾಸಕರ ಬಗ್ಗೆ ಬರೆದದ್ದು ಹಕ್ಕುಚ್ಯುತಿ ಎಂದು ಕರ್ನಾಟಕ ವಿಧಾನಸಭೆ 'ಹಾಯ್ ಬೆಂಗಳೂರ್' ಸಂಪಾದಕ ರವಿ ಬೆಳಗೆರೆ ಅವರಿಗೆ ಒಂದು ವರ್ಷದ ಜೈಲು ಶಿಕ್ಷೆ ವಿಧಿಸಿತು. ಟ್ಯಾಬ್ಲಾಯ್ಡ್ ಬರಹದ ರುಚಿಯ ಬಗ್ಗೆ ನನಗೆ ತಕರಾರುಗಳಿವೆ. ಆದರೂ ತಮ್ಮ ಮೇಲಿನ ಬರಹಕ್ಕೆ ತಾವೇ ಕೂತು ತೀರ್ಪು ಕೊಡುವುದು ಯಾವ ನ್ಯಾಯ?

ಟಿವಿಗೆ ಬಂದಾಗ ಮಾತ್ರ ಕನ್ನಡ ಮತ್ತೆ ಜಗಲಿಯನ್ನೇ ಆರಿಸಿಕೊಂಡಿತು. ಉದಯ ಟಿವಿಯ 'ಹರಟೆ' ನನ್ನ ಬಾಲ್ಯದ ಕಾರ್ಯಕ್ರಮ. ನಡುವೆ ಹಿರೇಮಗಳೂರು ಕಣ್ಣನ್, ಆಚೆ ಈಚೆ ಎರಡು ಪಂಗಡ. ಕೃಷ್ಣೇಗೌಡರು, ಸುಧಾ ಬರಗೂರು, ಇಂದುಮತಿ ಸಾಲಿಮಠ ಮೊದಲಾದವರು ಮಾತುಗಾರರು. ರೂಪದಲ್ಲಿ ಇದು ಲಂಡನ್ನಿನ ಪ್ಯಾನಲ್ ಶೋಗಿಂತ ತಮಿಳಿನ ಪಟ್ಟಿಮಂಡ್ರಂಗೆ ಹತ್ತಿರ. ಸನ್ ಟಿವಿಯಲ್ಲಿ ಹಬ್ಬದ ದಿನ ಮದುರೈನ ಪ್ರಾಧ್ಯಾಪಕ ಸಾಲೊಮನ್ ಪಾಪ್ಪಯ್ಯ ನಡೆಸುವ ವಿನೋದ ವಾದಗಳನ್ನು ತಾಳವಾಡಿ ಕಡೆಯ ನಮ್ಮ ನೆಂಟರು ಬಿಡದೆ ನೋಡುತ್ತಿದ್ದರು. ಸನ್ ಮತ್ತು ಉದಯ ಒಂದೇ ಬಳಗದ ವಾಹಿನಿಗಳು.

'ಹರಟೆ'ಯಲ್ಲಿ ಸಿನಿಮಾ ನಟಿಯ ಗುಟ್ಟಿಲ್ಲ, ಮಂತ್ರಿಯ ಮಗನ ಸುದ್ದಿಯಿಲ್ಲ. ಅಲ್ಲಿದ್ದದ್ದು ಗಂಡ, ಹೆಂಡತಿ, ಅತ್ತೆ, ಸೊಸೆ. ಹೆಸರಿಲ್ಲದವರು, ಹಾಗಾಗಿ ಯಾರಿಗೂ ನೋವಿಲ್ಲ ಎಂದು ನಾನೂ ನಂಬಿದ್ದೆ. ಹಳೆಯ ಕಂತುಗಳನ್ನು ಈಗ ನೋಡಿದರೆ ಅಷ್ಟು ಸಮಾಧಾನವಿಲ್ಲ. ಸೀರೆಗಾಗಿ ಪೀಡಿಸುವ, ಅಡುಗೆ ಕೆಡಿಸುವ, ಮಾತು ನಿಲ್ಲಿಸದ ಆ 'ಹೆಂಡತಿ' ನಮ್ಮ ಹಾಸ್ಯ ವೇದಿಕೆಗಳಲ್ಲಿ ತಿಂದ ಪೆಟ್ಟಿಗೆ ಲೆಕ್ಕವಿಲ್ಲ. ಹೆಸರಿಲ್ಲದ್ದರಿಂದ ಮಾನಹಾನಿಯ ದಾವೆಯನ್ನೂ ಅವಳು ಹೂಡುವಂತಿಲ್ಲ. ಆದರೆ ಎದುರು ಪಂಗಡದಲ್ಲಿ ಹೆಂಗಸರೇ ಕೂತಿರುತ್ತಿದ್ದರಲ್ಲ, ಸುಧಾ ಬರಗೂರು ಉತ್ತರ ಕೊಡಲು ಶುರುಮಾಡಿದರೆ ದೊಡ್ಡಮ್ಮ ರಿಮೋಟ್ ಎತ್ತಿಕೊಂಡು ಸದ್ದು ಜಾಸ್ತಿ ಮಾಡುತ್ತಿದ್ದಳು. (ಬರೀ ಗಂಡಸರೇ ತುಂಬಿದ ಪ್ಯಾನಲ್ ಶೋ ಇನ್ನು ಮಾಡುವುದಿಲ್ಲ ಎಂದು ಬಿಬಿಸಿ ಹೇಳಿದ್ದು 2014ರಲ್ಲಿ. ನಮ್ಮವರು ಅಷ್ಟರೊಳಗೆ ಹೆಂಗಸರಿಗೆ ಕುರ್ಚಿ ಹಾಕಿದ್ದು ಸಮಾನತೆಯ ಆಸೆಯಿಂದಲೇ ಇರಲಾರದು. ಗಂಡ ಹೆಂಡತಿಯ ವಾದಕ್ಕೆ ಇನ್ನೊಂದು ಕಡೆಯವರು ಬೇಕಲ್ಲ!)

ಪ್ರಸಿದ್ಧರನ್ನೇ ಕೂರಿಸಿಕೊಂಡು ನಗುವ ಕಾರ್ಯಕ್ರಮ ನಮ್ಮಲ್ಲಿ ಜನಪ್ರಿಯವಾದದ್ದು 2015ರಲ್ಲಿ, ಕಲರ್ಸ್ ಕನ್ನಡದ 'ಮಜಾ ಟಾಕೀಸ್' ಮೂಲಕ. ಹಿಂದಿಯ ಕಪಿಲ್ ಶರ್ಮಾ ಕಾರ್ಯಕ್ರಮದ ಜಾಡಿನಲ್ಲಿ ಸೃಜನ್ ಲೋಕೇಶ್ ಅದನ್ನು ನಡೆಸಿದರು. ನಗುತ್ತ ಕೂರುವ ಕಾಯಂ ಅತಿಥಿ ಇಂದ್ರಜಿತ್ ಲಂಕೇಶ್. ಮುಖ್ಯಮಂತ್ರಿಯನ್ನು 'ಗುಂ' ಎಂದ ಸಂಪಾದಕರ ಮಗ ಸಿನಿಮಾ ಪ್ರಚಾರಕ್ಕೆ ಬಂದ ತಾರೆಯರ ಪಕ್ಕ ಕೂತು ನಗುವ ದೃಶ್ಯಕ್ಕೆ ನನ್ನ ಪ್ರಬಂಧದಲ್ಲಿ ಅರ್ಧ ಪುಟ ಕೊಟ್ಟಿದ್ದೇನೆ. ತಾರೆಯರಿಗೆ ಅಲ್ಲಿ ಮುಜುಗರವಾಗುವ ಪ್ರಶ್ನೆಗಳು ಅಪರೂಪ. ನಗು ಹುಟ್ಟಿಸುವ ಭಾರವನ್ನು ಹೊತ್ತವರು ವೇಷಧಾರಿಗಳು, ಅವರಲ್ಲೂ 'ವರಲಕ್ಷ್ಮಿ'. ತಾನೇ ದೊಡ್ಡ ತಾರೆ ಎಂದು ಬೀಗುವ, ಹೋದಲ್ಲೆಲ್ಲ ತನ್ನನ್ನೇ ಹೊಗಳಿಕೊಳ್ಳುವ ಹೆಂಗಸು. ಪಾತ್ರ ಮಾಡಿದವರು ಅಪರ್ಣಾ. ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಿಂದ ಬಂದವರು, ಅಚ್ಚ ಕನ್ನಡದ ನಿರೂಪಣೆಗೆ ಹೆಸರಾದವರು, ನಮ್ಮ ಮೆಟ್ರೊದ ದನಿ. ಲಂಡನ್ನಿನಲ್ಲಿ ಅಣಕಿಸುವವನು ಸುಳ್ಳು, ಅಣಕಕ್ಕೆ ಗುರಿಯಾದವರು ನಿಜ. ಇಲ್ಲಿ ಅಣಕಕ್ಕೆ ಗುರಿಯಾಗಲೆಂದೇ ಒಬ್ಬ ಸುಳ್ಳು ತಾರೆಯನ್ನು ಹುಟ್ಟಿಸಿ, ಆ ಗುರಿಯ ಜಾಗದಲ್ಲಿ ಅಪರ್ಣಾ ತಾವೇ ನಿಂತರು.

2024ರ ಜುಲೈನಲ್ಲಿ ಅಪರ್ಣಾ ತೀರಿಕೊಂಡರು. ಕೆಲವು ದಿನ ಬಿಟ್ಟು ನಾನು ತೆರಕಣಾಂಬಿಗೆ ಹೋದಾಗ ದೊಡ್ಡಮ್ಮ ಫೋನಿನಲ್ಲಿ ವರಲಕ್ಷ್ಮಿಯ ತುಣುಕುಗಳನ್ನು ನೋಡುತ್ತಿದ್ದಳು. 'ಇವಮ್ಮನ ನಿಜ ಹೆಸ್ರು ಏನು ಕೂಸು?' ಎಂದಳು. ಹೇಳಿದೆ, ಮೆಟ್ರೊದ ವಿಷಯವನ್ನೂ ಹೇಳಿದೆ. 'ಅಷ್ಟು ಚೆಂದಾಗಿ ಮಾತಾಡೋಳು ಹಿಂಗ್ ಆಡ್ತಿದ್ಲಾ!' ಎಂದು ಇನ್ನೊಂದು ಸಲ ನೋಡಿ ನಕ್ಕಳು.

ಆ ಹೊತ್ತಿನ ಸಲಿಗೆಯಲ್ಲಿ ನಾನು ಹನುಮನಾಯಕ ಆವತ್ತು ಆಡಿದ ಮಾತು ಏನೆಂದು ಕೇಳಿದೆ. ಆ ಆಟದ ಪದಗಳಲ್ಲಿ ಅರ್ಧ ದೊಡ್ಡಮ್ಮನಿಗೆ ಇವತ್ತಿಗೂ ಬಾಯಿಗೆ ಬರುತ್ತವೆ, ನನಗೆ ಹಾಡಿ ತೋರಿಸಿದ್ದಾಳೆ. 'ಅದ್ಯಾಕ್ ಈಗ, ಬುಡು' ಎಂದು ಫೋನನ್ನು ಮಡಿಲಿಗೆ ಹಾಕಿಕೊಂಡಳು. ನನ್ನ ಕ್ಷೇತ್ರಕಾರ್ಯದ ಪುಸ್ತಕದಲ್ಲಿ ಆ ಪುಟಕ್ಕೆ ಊರು, ಹಬ್ಬ, ಆಟ, ಪಾತ್ರ ಎಲ್ಲ ಬರೆದಿದ್ದೇನೆ. 'ಮಾತು' ಎಂಬ ಕಡೆ ಖಾಲಿ ಬಿಟ್ಟಿದ್ದೇನೆ.