ಕ್ಯಾಂಪ್ ಮುಚ್ಚಿದ ಮೇಲೆ: ವಯನಾಡಿನ ಗುಡ್ಡ ಕುಸಿತಗಳು ನಮಗೆ ಹೇಳುವ ಚರಿತ್ರೆ



ಪನಮರಂನ ಚರಿತ್ರೆ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು 1802ರ ಅಕ್ಟೋಬರ್ ತಿಂಗಳು. ತಲಯ್ಕಲ್ ಚಂದು, ಎಡಚ್ಚೇನ ಕುಂಙನ್ ಮತ್ತು ಕುರಿಚ್ಯ ಬಿಲ್ಲಾಳುಗಳು ಇಲ್ಲಿನ ಕುಂಪಣಿ ಕೋಟೆಯ ಮೇಲೆ ಬಿದ್ದ ಕತೆ. ಆ ಕತೆ ಹೇಳುವುದಕ್ಕೆ ನಮ್ಮಲ್ಲಿ ಸ್ಮಾರಕವೂ ಇದೆ, ಪುಸ್ತಕಗಳೂ ಇವೆ. ನಾನು ಬರೆಯಹೊರಟಿರುವುದು ಸ್ಮಾರಕ ಇಲ್ಲದ ಚರಿತ್ರೆ. ಮಳೆ, ಮಣ್ಣು, ಹೊಳೆ ಇವುಗಳ ಚರಿತ್ರೆ. ಮುಖ್ಯವಾಗಿ, ಎಲ್ಲ ಕೊಚ್ಚಿಹೋದ ಮೇಲೆ ಮತ್ತೆ ಊರು ಕಟ್ಟುವಾಗ ಯಾರನ್ನು ಕೇಳಿದರು, ಯಾರನ್ನು ಕೇಳಲಿಲ್ಲ ಎಂಬುದರ ಚರಿತ್ರೆ.

ನೀವು ಕೇಳಬಹುದು, ಗುಡ್ಡ ಬಿದ್ದದ್ದು ಮೇಪ್ಪಾಡಿ ಕಡೆ, ನಮಗೇನು ಅಂತ. ಬಾಣಾಸುರ ಸಾಗರದ ನೀರು ಇಳಿದುಬರುವುದು ನಮ್ಮ ಹೊಳೆಗೇ. ಪನಮರಂ ಹೊಳೆ, ಮಾನಂತವಾಡಿ ಹೊಳೆ ಎರಡೂ ಕೂಡಿ ಕಬಿನಿಯಾಗಿ ಕರ್ನಾಟಕಕ್ಕೆ ಹರಿಯುತ್ತದೆ. 2018ರ ಮಳೆಗಾಲದಲ್ಲಿ ಅಣೆಕಟ್ಟೆಯ ಬಾಗಿಲು ತೆರೆದಾಗ ಕೆಳಗಿನ ಊರುಗಳಿಗೆ ಸರಿಯಾಗಿ ತಿಳಿಸಲಿಲ್ಲ ಎಂಬ ದೂರು ಜಿಲ್ಲೆಯಲ್ಲೆಲ್ಲ ಎದ್ದಿತ್ತು. ಮೊದಲು ನೀರು ನುಗ್ಗುವುದು ಯಾರ ಮನೆಗೆ? ಎತ್ತರದ ಜಾಗ ಸಿಗದೆ ಗದ್ದೆಯಂಚಿನಲ್ಲಿ, ಹೊಳೆದಂಡೆಯಲ್ಲಿ ಮನೆ ಕಟ್ಟಿಕೊಂಡವರ ಮನೆಗೆ. 2024ರ ಜೂನ್‌ನಲ್ಲಿ ಕೇರಳ ಸರ್ಕಾರ ನಮ್ಮ ವಾಸದ ಜಾಗಗಳಿಗೆ ಇನ್ನು ‘ಕಾಲೋನಿ’ ಎನ್ನಬಾರದು, ‘ನಗರ್’ ‘ಉನ್ನತಿ’ ಎನ್ನಬೇಕು ಅಂತ ಆದೇಶ ಮಾಡಿತು. ಒಳ್ಳೆಯದೇ, ಆ ಹೆಸರು ಹೋಗಲೇಬೇಕಿತ್ತು. ಆದರೆ ಹೆಸರು ಬದಲಾದರೆ ಹೊಳೆ ನೀರಿನ ಮಟ್ಟ ಇಳಿಯುವುದಿಲ್ಲ.

ಗುಡ್ಡ ಮೊದಲೇ ಹೇಳಿತ್ತು

2024ರ ಜುಲೈ 30ರ ನಸುಕಿನಲ್ಲಿ ಪುಂಜಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲದ ಮೇಲೆ ಉರುಳ್‌ಪೊಟ್ಟಿ ಬಂದದ್ದನ್ನು ವಿವರಿಸಬೇಕಾಗಿಲ್ಲ, ನಾವೆಲ್ಲ ಆ ವಾರ ಬದುಕಿದವರೇ. ಕಾಣೆಯಾದವರನ್ನೂ ಸೇರಿಸಿ ಸರ್ಕಾರದ ಲೆಕ್ಕ 298 ಮಂದಿ. ಎಷ್ಟೋ ದೇಹಗಳು ಚಾಲಿಯಾರ್ ಹೊಳೆಯಲ್ಲಿ ತೇಲಿ ಮಲಪ್ಪುರಂ ಜಿಲ್ಲೆಯ ನಿಲಂಬೂರಿನ ಕಡೆ ಸಿಕ್ಕವು. ಗುರುತು ಸಿಗದವರನ್ನು ಪುತ್ತುಮಲದಲ್ಲಿ ಸಾಲಾಗಿ ಮಣ್ಣು ಮಾಡಿದರು. ಎಲ್ಲ ಧರ್ಮದವರ ಪ್ರಾರ್ಥನೆ ಆಯಿತು. ಕಲ್ಲಿನ ಮೇಲೆ ಹೆಸರು ಬರೆಯಬೇಕಾದ ಕಡೆ ಡಿಎನ್‌ಎ ನಂಬರು ಬರೆದರು.

ಪುತ್ತುಮಲದಲ್ಲೇ ಯಾಕೆ ಅಂತ ಯೋಚಿಸಿ. ಆ ಊರೇ 2019ರ ಆಗಸ್ಟ್ 8ರಂದು ಮಣ್ಣಿನಡಿ ಹೋಗಿತ್ತು. ಅಂದು 17 ಜನ ಸತ್ತರು, ಐವರ ದೇಹ ಇಂದಿಗೂ ಸಿಕ್ಕಿಲ್ಲ. ಇನ್ನೂ ಹಿಂದೆ ಹೋದರೆ, 1984ರಲ್ಲಿ ಮುಂಡಕ್ಕೈಯಲ್ಲೇ ಗುಡ್ಡ ಕುಸಿದು 14 ಜನ ತೀರಿಕೊಂಡಿದ್ದರು. 2020ರಲ್ಲೂ ಅಲ್ಲಿ ಮಣ್ಣು ಜಾರಿತು. ಆ ಸಲ ಮಳೆಯ ಲೆಕ್ಕ ನೋಡಿ ಜನರನ್ನು ಮೊದಲೇ ಬೇರೆ ಕಡೆ ಕಳಿಸಿದ್ದರಿಂದ ಜೀವಗಳು ಉಳಿದವು. ಅಂದರೆ ನಲವತ್ತು ವರ್ಷದಲ್ಲಿ ಗುಡ್ಡ ನಾಲ್ಕು ಸಲ ಮಾತಾಡಿದೆ.

ಆ ಮಳೆಯ ಲೆಕ್ಕ ಎಲ್ಲಿಂದ ಬಂತು ಗೊತ್ತೇ? ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಜಿಲ್ಲೆಯುದ್ದಕ್ಕೂ ಮಳೆಮಾಪಕಗಳನ್ನು ಇಟ್ಟಿದೆ. ದಿನಾ ಅಳತೆ ನೋಡಿ ತಿಳಿಸುವವರಲ್ಲಿ ಊರಿನ ಸಾಮಾನ್ಯ ಜನರೇ ಹೆಚ್ಚು. 2024ರಲ್ಲೂ ಪುತ್ತುಮಲದ ಮಾಪಕದಲ್ಲಿ 48 ಗಂಟೆಯಲ್ಲಿ 572 ಮಿಲಿಮೀಟರ್ ಮಳೆ ದಾಖಲಾಯಿತು. ಅಪಾಯವಿದೆ ಎಂದು ಆ ಸಂಸ್ಥೆ ಹಿಂದಿನ ದಿನವೇ ಜಿಲ್ಲಾಡಳಿತಕ್ಕೆ ತಿಳಿಸಿತ್ತು. ಜನ ಅಳೆದ ಲೆಕ್ಕ 2020ರಲ್ಲಿ ಕೆಲಸಕ್ಕೆ ಬಂತು, 2024ರಲ್ಲಿ ಎಲ್ಲರನ್ನೂ ಉಳಿಸುವಷ್ಟು ಬರಲಿಲ್ಲ. ಎರಡೂ ನಮಗೆ ಪಾಠ. ಅಳೆಯುವುದು ಅರ್ಧ ಕೆಲಸ. ಅಳೆದದ್ದನ್ನು ಮೇಲಿನವರು ಕೇಳುವಂತೆ ಮಾಡುವುದು ಉಳಿದರ್ಧ.

ಪಟ್ಟಿಯಲ್ಲಿ ಯಾರಿದ್ದಾರೆ?

ಗುಡ್ಡ ಬಿದ್ದ ವಾರ ಇಡೀ ದೇಶ ಬಂತು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಆಗಸ್ಟ್ 1ಕ್ಕೆ 190 ಅಡಿಯ ಬೈಲಿ ಸೇತುವೆ ಕಟ್ಟಿ ಮುಗಿಸಿದರು. ಕರ್ನಾಟಕ ಸರ್ಕಾರ 100 ಮನೆ ಕೊಡುವುದಾಗಿ ಹೇಳಿತು. ಅಕ್ಕಿ, ಬಟ್ಟೆ, ಔಷಧಿ ಬೇಡ ಅನ್ನುವಷ್ಟು ಬಂತು. ಕ್ಯಾಂಪಿನಿಂದ ಜನ ಬಾಡಿಗೆ ಮನೆಗಳಿಗೆ ಹೋದರು. ತಿಂಗಳಿಗೆ 6000 ರೂಪಾಯಿ ಬಾಡಿಗೆ, ದುಡಿಮೆ ಕಳಕೊಂಡವರಿಗೆ ದಿನಕ್ಕೆ 300 ರೂಪಾಯಿ ಸಹಾಯ ಅಂತ ಆಯಿತು. ವೆಳ್ಳಾರ್‌ಮಲ ಶಾಲೆಯ ಮಕ್ಕಳಿಗೆ ಸೆಪ್ಟೆಂಬರ್ 2ರಂದು ಮೇಪ್ಪಾಡಿಯಲ್ಲಿ ತರಗತಿ ಶುರುವಾಯಿತು.

ಇಷ್ಟು ರಕ್ಷಣೆ ಮತ್ತು ಪರಿಹಾರ. ನಿಜವಾದ ಕಷ್ಟ ಶುರುವಾಗುವುದು ಇದಾದ ಮೇಲೆ. ಟಿವಿಯವರು ಹೋದ ಮೇಲೆ ಉಳಿಯುವುದು ಒಂದು ಪಟ್ಟಿ. ಡಿಸೆಂಬರ್‌ನಲ್ಲಿ 388 ಕುಟುಂಬಗಳ ಕರಡು ಪಟ್ಟಿ ಬಂದಾಗ ಕೆಲವರ ಹೆಸರು ಎರಡೆರಡು ಸಲ ಇತ್ತು, ಇರಲೇಬೇಕಾದ ಕೆಲವರ ಹೆಸರು ಇರಲಿಲ್ಲ. ಜನ ಮೇಪ್ಪಾಡಿ ಪಂಚಾಯ್ತಿ ಆಫೀಸಿನ ಮುಂದೆ ಕೂತರು. ಕ್ರಿಯಾ ಸಮಿತಿ ಮಾಡಿಕೊಂಡು ಆಕ್ಷೇಪಣೆ ಬರೆದರು. ಪಟ್ಟಿ ತಿದ್ದಿ ತಿದ್ದಿ ಬಂತು.

ಇಲ್ಲಿ ನಮಗೆ ಸಂಬಂಧಪಟ್ಟ ಒಂದು ವಿಷಯ ಗಮನಿಸಿ. ಮುಂಡಕ್ಕೈ, ಚೂರಲ್‌ಮಲ ಎಂದರೆ ಟೀ ಎಸ್ಟೇಟ್. ಕೆಲಸಗಾರರು ತಲೆಮಾರುಗಳಿಂದ ಇದ್ದದ್ದು ‘ಪಾಡಿ’ಗಳಲ್ಲಿ. ಪಾಡಿ ಅವರದ್ದಲ್ಲ, ಕಂಪನಿಯದು. ಮನೆ ಕಳಕೊಂಡವರಿಗೆ ಮನೆ ಅಂದರೆ, ಮನೆಯೇ ಇಲ್ಲದವನು ಏನು ಕಳಕೊಂಡ ಹಾಗೆ? ಬೇರೆಲ್ಲೂ ಮನೆ ಇಲ್ಲದ ಪಾಡಿಯವರನ್ನೂ ಸೇರಿಸಬೇಕು ಎಂಬ ತೀರ್ಮಾನ ಬಂತು, ಸಮಾಧಾನ. ಆದರೆ ಇದು ಪ್ರಶ್ನೆಯಾಗಿ ಏಳಬೇಕಾಯಿತು ಎಂಬುದನ್ನು ಮರೆಯಬೇಡಿ. ಆಧಾರ ಪತ್ರ ಇದ್ದವನ ನಷ್ಟ ಕಾಗದದಲ್ಲಿ ಕಾಣುತ್ತದೆ. ಇಲ್ಲದವನ ನಷ್ಟವನ್ನು ಅವನೇ ಬಂದು ಹೇಳಬೇಕು. ಹೇಳುವುದಕ್ಕೆ ಅವನಿಗೆ ಸಭೆಯಲ್ಲಿ ಜಾಗ ಇರಬೇಕು.

ಹೊಸ ಊರಿಗೆ ಆಯ್ಕೆಯಾದದ್ದು ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟ್. 2025ರ ಮಾರ್ಚ್ 27ರಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅಲ್ಲಿ ಅಡಿಗಲ್ಲು ಹಾಕಿದರು. ಕೆಲಸ ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘಕ್ಕೆ ಹೋಯಿತು. ಮೊದಲು ಪ್ರತಿ ಮನೆಗೆ 5 ಸೆಂಟ್ ಜಾಗ ಎಂದಿದ್ದರು. ಹಳ್ಳಿಯಲ್ಲಿ ಕೋಳಿ, ಆಡು, ನಾಲ್ಕು ಬಾಳೆಗಿಡ ಇಟ್ಟುಕೊಂಡು ಬದುಕಿದವರಿಗೆ ಐದು ಸೆಂಟ್ ಎಲ್ಲಿಗೆ ಸಾಕು? ಜನ ಪ್ರತಿಭಟಿಸಿದರು, 10 ಸೆಂಟ್ ಬೇಕು ಎಂದರು. ಕಡೆಗೆ 7 ಸೆಂಟ್ ಆಯಿತು, ಅದರಲ್ಲಿ 1000 ಚದರಡಿಯ ಮನೆ. ಮನೆ ಬೇಡ ಎನ್ನುವವರಿಗೆ 15 ಲಕ್ಷ ರೂಪಾಯಿ ಎಂಬ ದಾರಿಯೂ ಇತ್ತು. ಕೇಳಿದ್ದಕ್ಕೆ ಎರಡು ಸೆಂಟ್ ಹೆಚ್ಚು ಸಿಕ್ಕಿತು. ಸುಮ್ಮನಿದ್ದಿದ್ದರೆ ಅದೂ ಇಲ್ಲ.

ಇನ್ನೊಂದು ಕಡೆ ನೋಡಿ. ಅದೇ ಎಲ್‌ಸ್ಟನ್ ಎಸ್ಟೇಟಿನಲ್ಲಿ ದುಡಿಯುತ್ತಿದ್ದವರು, ನಮಗೆ ಬರಬೇಕಾದ ಕೂಲಿ ಬಾಕಿ, ಪಿಎಫ್, ಗ್ರಾಚ್ಯುಟಿ ಕೊಡದೆ ಜಾಗ ಬಿಟ್ಟುಕೊಡಬೇಡಿ ಎಂದು ಹೋರಾಟಕ್ಕೆ ಇಳಿದರು. ಅವರು ಸಂತ್ರಸ್ತರ ಶತ್ರುಗಳಲ್ಲ. ಅವರೂ ನಮ್ಮ ಹಾಗೇ ಕೈಕೆಸರು ಮಾಡಿಕೊಂಡವರು. ಒಬ್ಬ ಬಡವನಿಗೆ ಮನೆ ಕೊಡುವಾಗ ಇನ್ನೊಬ್ಬ ಬಡವನನ್ನು ಕೇಳದೆ ಹೋದರೆ ಇಬ್ಬರ ನಡುವೆ ಜಗಳ ಹುಟ್ಟುತ್ತದೆ, ಮೇಲಿನವರು ಆರಾಮಾಗಿರುತ್ತಾರೆ.

ಬೆಂಕಿ ಬೆಟ್ಟದ ಕೆಳಗಿನವರು

ನಮ್ಮಂಥವರು ಬೇರೆ ದೇಶದಲ್ಲಿ ಏನು ಮಾಡಿದರು ಅಂತ ತಿಳಿಯುವುದಕ್ಕೆ ಇಂಡೋನೇಷ್ಯಾಗೆ ಹೋಗೋಣ. ಜಾವಾ ದ್ವೀಪದ ಮೆರಾಪಿ ಒಂದು ಜ್ವಾಲಾಮುಖಿ. 2010ರ ಅಕ್ಟೋಬರ್ ಕೊನೆಗೆ, ನವೆಂಬರ್ ಮೊದಲಿಗೆ ಅದು ಸಿಡಿದು 350ಕ್ಕೂ ಹೆಚ್ಚು ಜನ ಸತ್ತರು. ಬಿಸಿ ಬೂದಿ, ಬಿಸಿ ಗಾಳಿ ಹಳ್ಳಿಗಳನ್ನೇ ಸುಟ್ಟಿತು. ಆಗಲೂ ಕೆಲವರು ಕ್ಯಾಂಪಿನಿಂದ ಕದ್ದು ವಾಪಸ್ ಹೋಗುತ್ತಿದ್ದರು. ಯಾಕೆ? ಹಸುಗಳಿಗೆ ಹುಲ್ಲು ಹಾಕುವುದಕ್ಕೆ. ಇದನ್ನು ದಡ್ಡತನ ಅನ್ನಬೇಡಿ. ಹಸುವೇ ಆ ಮನೆಯ ಬ್ಯಾಂಕು. ಮುಂದೆ ಅಲ್ಲಿ ಹಳ್ಳಿಗೆ ಹಳ್ಳಿ ಜೋಡಿ ಮಾಡಿದರು. ಬೆಟ್ಟದ ಮೇಲಿನ ಇಂಥ ಊರಿನವರು ಅಪಾಯದಲ್ಲಿ ಕೆಳಗಿನ ಇಂಥ ಊರಿಗೇ ಹೋಗಬೇಕು ಎಂದು ಮೊದಲೇ ನಿಶ್ಚಯ. ಕೆಲವು ಕಡೆ ದನಕರುಗಳಿಗೂ ಜಾಗದ ಲೆಕ್ಕ ಹಾಕಿದರು.

ಮನೆ ಕಟ್ಟುವುದಕ್ಕೆ ಅಲ್ಲಿ ‘ರೆಕೊಂಪಾಕ್’ ಎಂಬ ಯೋಜನೆ ಇತ್ತು. ಸರ್ಕಾರ ಕೀಲಿಕೈ ಕೊಡುವ ಬದಲು ಹಣವನ್ನು ಜನರ ಗುಂಪಿಗೆ ಕೊಟ್ಟಿತು. ನಾಲ್ಕಾರು ಮನೆಯವರು ಸೇರಿ ಗುಂಪು ಕಟ್ಟಿ, ಸಾಮಾನು ತಂದು, ಲೆಕ್ಕ ಬರೆದು, ಕೆಲಸ ನೋಡಿಕೊಂಡರು. ಎಂಜಿನಿಯರುಗಳು ಗಟ್ಟಿಯಾಗಿ ಕಟ್ಟುವ ರೀತಿ ಹೇಳಿಕೊಟ್ಟರು. ಎಲ್ಲರೂ ಸ್ಥಳಾಂತರ ಒಪ್ಪಲಿಲ್ಲ. ಕಲಿತೆಂಗಾ ಲೋರ್ ಎಂಬ ಹಳ್ಳಿಯವರು ತಮ್ಮ ಜಾಗ ಬಿಡುವುದಿಲ್ಲ ಎಂದು ಪಟ್ಟು ಹಿಡಿದರು. ಎಲ್ಲ ಸುಸೂತ್ರವಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ಇಟ್ಟಿಗೆ ಎಣಿಸಿದವನಿಗೆ ಗೋಡೆ ತನ್ನದು ಅನ್ನಿಸುತ್ತದೆ.

ನಮ್ಮಲ್ಲಿ ಇದಕ್ಕೆ ದಾರಿ ಇಲ್ಲವೇ? ಇದೆ. 1996ರ ಜನಕೀಯ ಯೋಜನೆಯಿಂದ ಕೇರಳದಲ್ಲಿ ಗ್ರಾಮಸಭೆಗೆ ಬಲ ಬಂದಿದೆ. 1998ರಿಂದ ಕುಡುಂಬಶ್ರೀ ಇದೆ, ವಾರವಾರ ಅಯಲ್‌ಕೂಟ್ಟಂ ಸೇರುತ್ತದೆ. ಆದಿವಾಸಿಗಳಿಗೆ ಊರುಕೂಟ್ಟಂ ಇದೆ. ದುರಂತದ ನಂತರ ಕುಡುಂಬಶ್ರೀಯವರು ಒಂದೊಂದು ಕುಟುಂಬದ ಬಳಿ ಕೂತು, ನಿಮಗೆ ಕೆಲಸ ಏನು ಬೇಕು, ಓದು ಏನಾಗಬೇಕು, ಔಷಧಿ ಏನು ಎಂದು ಕೇಳಿ ಮೈಕ್ರೋಪ್ಲಾನ್ ಮಾಡಿದರು. ಬಾಗಿಲು ಇದೆ, ಒಳಗೆ ಹೋಗುವವರು ಬೇಕು.

ಬಾಬಾಸಾಹೇಬರು 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಹೋಗಿ ಕೇಳಿದ್ದು ಏನು? ಅಸ್ಪೃಶ್ಯರ ಪರವಾಗಿ ಬೇರೆಯವರು ಮಾತಾಡಿದರೆ ಸಾಲದು, ಅವರದ್ದೇ ಪ್ರತಿನಿಧಿ ಇರಬೇಕು ಎಂದು. ಶಾಸನಸಭೆಗೆ ಹೇಳಿದ ಆ ಮಾತು ಪರಿಹಾರದ ಪಟ್ಟಿಗೂ ಸಲ್ಲುತ್ತದೆ. ದಯೆ ಇರುವ ಅಧಿಕಾರಿ ಬರಬಹುದು, ಬಾರದೆಯೂ ಇರಬಹುದು. ನಮ್ಮ ಕುರ್ಚಿ ಅಲ್ಲಿ ಇದ್ದರೆ ಅದೃಷ್ಟ ನೋಡಬೇಕಾಗಿಲ್ಲ.

ನಾವು ಈ ವರ್ಷ ಮಾಡಬಹುದಾದದ್ದು

ಸಂಘದ ಗೆಳೆಯರೇ, ಬರಿ ಭಾಷಣ ಆಗಬಾರದು ಅಂತ ನಾಲ್ಕು ಕೆಲಸ ನಿಮ್ಮ ಮುಂದೆ ಇಡುತ್ತೇನೆ.

ಒಂದು, ನಮ್ಮದೇ ಒಂದು ರಿಜಿಸ್ಟರ್. ಪ್ರತಿ ಮನೆಯಲ್ಲಿ ಯಾರಿದ್ದಾರೆ, ಬಾಡಿಗೆಗೆ ಇರುವವರು ಯಾರು, ಒಂದೇ ಮನೆಯಲ್ಲಿ ಎರಡು ಒಲೆ ಇದೆಯಾ, ನಡೆಯಲಾರದ ಅಜ್ಜಿ ಯಾರ ಮನೆಯಲ್ಲಿದ್ದಾರೆ, ಎಲ್ಲ ಬರೆಯೋಣ. ಕೊಡಗಿಗೆ ಶುಂಠಿ, ಕಾಫಿ ಕೆಲಸಕ್ಕೆ ಹೋದವರನ್ನೂ ಬಿಡಬಾರದು. ಗಣತಿಯ ದಿನ ಮನೆಯಲ್ಲಿಲ್ಲ ಅಂತ ಅವರ ಹೆಸರು ತಪ್ಪಬಾರದು. ರೇಷನ್ ಕಾರ್ಡ್, ಜಾತಿ ಸರ್ಟಿಫಿಕೇಟು, ಪಟ್ಟಯದ ಪ್ರತಿ ಫೋನಿನಲ್ಲೂ ಇರಲಿ, ಪ್ಲಾಸ್ಟಿಕ್ ಕವರಿನಲ್ಲೂ ಇರಲಿ.

ಎರಡು, ನೀರಿನ ಗುರುತು. 2018ರಲ್ಲಿ, 2019ರಲ್ಲಿ ನೀರು ಎಲ್ಲಿವರೆಗೆ ಬಂತು ಅಂತ ಹಿರಿಯರಿಗೆ ನೆನಪಿದೆ. ಅವರನ್ನು ಕೇಳಿ ಗೋಡೆ ಮೇಲೆ, ಕರೆಂಟ್ ಕಂಬದ ಮೇಲೆ ಪೇಂಟಿನಲ್ಲಿ ಗೆರೆ ಎಳೆಯೋಣ. ಹೊಸ ಮನೆ ಮಂಜೂರಾದಾಗ ತಳಪಾಯ ಎಷ್ಟು ಎತ್ತರ ಬೇಕು ಎಂದು ಆ ಗೆರೆಯೇ ವಾದ ಮಾಡುತ್ತದೆ.

ಮೂರು, ಒಂದು ಮಳೆಮಾಪಕ. ಪ್ಲಸ್‌ಟು ಓದುವ ಇಬ್ಬರು ತಂಗಿಯರು ದಿನಾ ಬೆಳಗ್ಗೆ ನೋಡಿ ಬರೆದರೂ ಸಾಕು.

ನಾಲ್ಕು, ಗ್ರಾಮಸಭೆ. ತೊಳಿಲುರಪ್ಪ್ ಕೆಲಸಕ್ಕೆ ಒಟ್ಟಿಗೆ ಹೋಗುವ ಹಾಗೆ ಅಲ್ಲಿಗೂ ಒಟ್ಟಿಗೆ ಹೋಗೋಣ. ಅಮ್ಮಂದಿರು ಮಾತಾಡಲಿ, ನಾವು ಬರೆದುಕೊಳ್ಳೋಣ. ನಡಾವಳಿಯಲ್ಲಿ ನಮ್ಮ ಮಾತು ಬರೆದಿದ್ದಾರಾ ಅಂತ ಓದಿಸಿ ನೋಡಿಯೇ ಎದ್ದು ಬರೋಣ. ಕ್ಯಾಂಪ್ ಮುಚ್ಚಿದ ದಿನ ಮುಗಿಯಿತು ಎನ್ನದೆ, ಮೂರು ತಿಂಗಳಿಗೆ, ಒಂದು ವರ್ಷಕ್ಕೆ ಮತ್ತೆ ಮನೆಮನೆಗೆ ಹೋಗಿ, ಮಗು ಶಾಲೆಗೆ ಹೋಗ್ತಿದೆಯಾ, ಸಾಲ ಎಷ್ಟಾಗಿದೆ ಅಂತ ಕೇಳೋಣ.

ವಯನಾಡಿನಲ್ಲಿ ಕರಿಂತಂಡನ್ ಕತೆ ಎಲ್ಲರಿಗೂ ಗೊತ್ತು. ಬಿಳಿಯರಿಗೆ ಚುರಂ ದಾರಿ ತೋರಿಸಿದ ಪಣಿಯ ಯುವಕನನ್ನು ಅವರೇ ಕೊಂದರು, ದಾರಿ ಕಂಡುಹಿಡಿದ ಹೆಸರು ಬಿಳಿಯನಿಗೆ ಹೋಯಿತು ಎಂದು ಹಿರಿಯರು ಹೇಳುತ್ತಾರೆ. ಲಕ್ಕಿಡಿಯಲ್ಲಿ ಸರಪಳಿ ಕಟ್ಟಿದ ಮರ ಇಂದಿಗೂ ಇದೆ. ಈ ನಾಡಿನ ದಾರಿ ಬಲ್ಲವರು, ಗುಡ್ಡದ ಗುಣ ಬಲ್ಲವರು, ಹೊಳೆಯ ಹೆಜ್ಜೆ ಬಲ್ಲವರು ನಮ್ಮವರೇ. ಇನ್ನು ಮುಂದೆ ದಾರಿಯನ್ನೂ ನಾವೇ ತೋರಿಸೋಣ, ಪುಸ್ತಕದಲ್ಲಿ ಹೆಸರನ್ನೂ ನಾವೇ ಬರೆಯೋಣ. ಬರುವ ಇಡವಪ್ಪಾದಿ ಮಳೆಗೆ ಮೊದಲು ಆ ರಿಜಿಸ್ಟರಿನ ಮೊದಲ ಪುಟ ತುಂಬಿರಲಿ. ಪೆನ್ನು ನಾನು ತರುತ್ತೇನೆ, ನೀವು ಬನ್ನಿ.