ಸ್ಮಾರಕದ ಎಲ್ಲೆ ಎಲ್ಲಿಯವರೆಗೆ?

ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಸೀಮೆಯ ಹೊಲಗಳ ನಡುವೆ ಮಾಡಿಲ್ಲದ ಕಲ್ಲುಮನೆಯೊಂದು ನಿಂತಿದೆ. ಅದರ ಹೆಸರು ಲಿವ್ಡನ್ ನ್ಯೂ ಬೀಲ್ಡ್. ಕಟ್ಟಿಸತೊಡಗಿದವನು ಸರ್ ಥಾಮಸ್ ಟ್ರೆಶಾಮ್; ಪ್ರಾಟೆಸ್ಟೆಂಟ್ ಪ್ರಭುತ್ವದಲ್ಲಿ ಕ್ಯಾಥೊಲಿಕ್ ಮತವನ್ನು ಬಿಡದೆ ದಂಡ ತೆತ್ತು, ಸೆರೆವಾಸ ಅನುಭವಿಸಿದ ಸಿರಿವಂತ. ಬಹಿರಂಗವಾಗಿ ಆಚರಿಸಲಾಗದ ನಂಬಿಕೆಯನ್ನು ಅವನು ಕಲ್ಲಿನಲ್ಲಿ ಬರೆದಿಟ್ಟ. ಮನೆಯ ತಳವಿನ್ಯಾಸವೇ ಶಿಲುಬೆಯ ಆಕಾರದ್ದು. 1605ರಲ್ಲಿ ಅವನು ತೀರಿಕೊಂಡಾಗ ಕೆಲಸ ನಿಂತಿತು. ಮತ್ತೆ ಯಾರೂ ಪೂರ್ತಿಗೊಳಿಸಲಿಲ್ಲ.

ಈ ಮನೆಯಿಂದ ಒಂದು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, 126.5 ಮೀಟರ್ ಎತ್ತರದ ನಾಲ್ಕು ಗಾಳಿಯಂತ್ರಗಳನ್ನು ನಿಲ್ಲಿಸುವ ಯೋಜನೆ ಬಂದಿತು. ಸ್ಥಳೀಯ ಆಡಳಿತ ಒಪ್ಪಲಿಲ್ಲ. ಮೇಲ್ಮನವಿಯನ್ನು ಪರಿಶೀಲಿಸಿದ ಯೋಜನಾ ನಿರೀಕ್ಷಕರು 2012ರಲ್ಲಿ ಅನುಮತಿ ಕೊಟ್ಟರು. ಯಂತ್ರಗಳು ಇಂದಿನವು ಎಂಬುದನ್ನು ನೋಡುಗರು ತಾವೇ ಅರಿಯಬಲ್ಲರು, ಆಗುವ ಹಾನಿ ತೀವ್ರವಲ್ಲ, ವಿದ್ಯುತ್ತಿನ ಲಾಭವೇ ಮಿಗಿಲು ಎಂಬುದು ಅವರ ತರ್ಕ. 2013ರಲ್ಲಿ ಹೈಕೋರ್ಟು ಈ ಅನುಮತಿಯನ್ನು ರದ್ದುಪಡಿಸಿತು. 2014ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಆಧಾರವಾದದ್ದು 1990ರ ಕಾಯಿದೆಯ 66ನೆಯ ಕಲಮು. ಪಟ್ಟಿಯಲ್ಲಿ ಸೇರಿದ ಕಟ್ಟಡವನ್ನಷ್ಟೇ ಅಲ್ಲ, ಅದರ ಸುತ್ತಣ ನೆಲ ಮತ್ತು ನೋಟವನ್ನೂ ಕಾಪಾಡುವುದಕ್ಕೆ ವಿಶೇಷ ಗಮನ ಕೊಡಬೇಕೆಂದು ಅದು ವಿಧಿಸುತ್ತದೆ. ಹಾನಿ ಕಡಿಮೆಯೆಂದ ಮಾತ್ರಕ್ಕೆ ಆಕ್ಷೇಪಣೆಯ ತೂಕ ಕಡಿಮೆಯಾಗದು ಎಂದಿತು ನ್ಯಾಯಾಲಯ. ಗಾಳಿಯಂತ್ರಗಳೇ ಕೂಡದೆಂದು ಅದು ಹೇಳಲಿಲ್ಲ. ತಕ್ಕಡಿಯಲ್ಲಿ ಇಡಬೇಕಾದ ತೂಕವನ್ನು ಇಟ್ಟೇ ತೂಗಿರಿ ಎಂದಿತು, ಅಷ್ಟೆ.

ನಮ್ಮ ದೇಶದ ಕಾನೂನು ಬೇರೆ ದಾರಿ ಹಿಡಿದಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದ ಸುತ್ತ ಕನಿಷ್ಠ 100 ಮೀಟರ್ ನಿಷೇಧಿತ ಪ್ರದೇಶ; ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಈ ಅಳತೆಯಲ್ಲಿ ಒಂದು ನ್ಯಾಯವಿದೆ. ದೆಹಲಿಯಂಥ ಇಕ್ಕಟ್ಟಾದ ಊರಿನಲ್ಲಿ ಗೆರೆ ಎಲ್ಲಿದೆಯೆಂದು ಬಡವನೂ ಬಲ್ಲ, ಬಲ್ಲಿದನೂ ಬಲ್ಲ. ಅಧಿಕಾರಿಯ ಅಭಿರುಚಿಗೆ ಕಾಯಬೇಕಿಲ್ಲ.

ಆದರೆ ಕಣ್ಣು 300 ಮೀಟರಿಗೆ ನಿಲ್ಲುವುದಿಲ್ಲ. ಚಿತ್ರದುರ್ಗದ ಕೋಟೆಯನ್ನೇರಿದವರಿಗೆ ಸುತ್ತಣ ಗುಡ್ಡಸಾಲುಗಳಲ್ಲಿ ತಿರುಗುವ ಗಾಳಿಯಂತ್ರಗಳು ಕಾಣುತ್ತವೆ. ಕೋಟೆಯೆಂಬುದು ದೂರವನ್ನು ನೋಡುವುದಕ್ಕಾಗಿಯೇ ಕಟ್ಟಿದ್ದು. ಬತೇರಿಯ ಮೇಲೆ ನಿಂತ ಕಾವಲುಗಾರನಿಗೆ ಆ ಬಯಲೂ ಗುಡ್ಡಗಳೂ ಕೋಟೆಯ ಭಾಗವೇ ಆಗಿದ್ದವು. ಮೀಟರಿನ ಲೆಕ್ಕಕ್ಕೆ ಮಾತ್ರ ಅವು ಹೊರಗಿನವು.

ಆ ಯಂತ್ರಗಳನ್ನು ಕಿತ್ತೆಸೆಯಬೇಕೆಂದು ನಾವು ಹೇಳುತ್ತಿಲ್ಲ. ಕಲ್ಲಿದ್ದಲಿನ ಹೊಗೆ ಕಲ್ಲನ್ನೂ ಬಿಡದು, ಮನುಷ್ಯರನ್ನೂ ಬಿಡದು. ಗಾಳಿಯ ವಿದ್ಯುತ್ತು ನಮಗೆ ಬೇಕು. ನೂರು ಮೀಟರಿನ ಗೆರೆಯೂ ಉಳಿಯಲಿ. ಆದರೆ ಗೆರೆಯಾಚೆ ಎತ್ತರದ ಯಂತ್ರವೊಂದು ಏಳುವ ಮುನ್ನ, ಸ್ಮಾರಕದಿಂದ ಏನು ಕಾಣುತ್ತಿತ್ತು, ಇನ್ನು ಮುಂದೆ ಏನು ಕಾಣುವುದು ಎಂದು ಕೇಳುವ ಹೊಣೆಯನ್ನು ಕಾನೂನು ಯಾರಿಗಾದರೂ ವಹಿಸಬೇಕು. ಉತ್ತರ ಕೆಲವೊಮ್ಮೆ ಯಂತ್ರದ ಪರವಾಗಿಯೇ ಬರಬಹುದು. ಆಗ, ಏನನ್ನು ಕೊಟ್ಟು ಏನನ್ನು ಪಡೆದೆವೆಂಬುದಾದರೂ ನಮಗೆ ತಿಳಿದಿರುತ್ತದೆ.